ಹತ್ತಿ ಹೂವಿನ ಗಂಡು-ಹೆಣ್ಣು

ಕಿತ್ತೂರಿನಿಂದ ಪೂರ್ವಕ್ಕೆ ಹೊರಟರೆ ಬೈಲಹೊಂಗಲದ ಹೊತ್ತಿಗೆ ಭತ್ತದ ಗದ್ದೆಗಳು ಹಿಂದೆ ಸರಿದು ಎರೆ ಹೊಲ ಶುರುವಾಗುತ್ತದೆ. ಸವದತ್ತಿ, ರಾಮದುರ್ಗದ ಕಡೆಗೂ ಅದೇ ಕಪ್ಪು ನೆಲ. ಈ ಸೀಮೆಯ ಇತಿಹಾಸವನ್ನು ನಾವು ಸಾಮಾನ್ಯವಾಗಿ ಕಿತ್ತೂರಿನ ಕೋಟೆಯಿಂದ, 1824ರಿಂದ ಹೇಳಲು ತೊಡಗುತ್ತೇವೆ. ನನಗೆ ಹತ್ತಿಯ ಹೂವಿನಿಂದಲೂ ಹೇಳಬಹುದು ಅನಿಸುತ್ತದೆ.

ಪಪ್ಪಾಯಿಯಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆಬೇರೆ ಇರುವುದುಂಟು. ಕುಂಬಳದಲ್ಲಿ ಬಳ್ಳಿ ಒಂದೇ, ಹೂಗಳು ಬೇರೆ. ಹತ್ತಿಯದು ದ್ವಿಲಿಂಗಿ ಹೂವು: ನಡುವೆ ಹೆಣ್ಣಿನ ಶಲಾಕೆ, ಅದರ ಸುತ್ತ ಕೊಳವೆಯಂತೆ ಬೆಸೆದುಕೊಂಡ ಗಂಡು ಕೇಸರಗಳು. ಅಂಟಂಟಾದ, ಭಾರದ ಪರಾಗ ಗಾಳಿಗೆ ಹಾರುವುದಿಲ್ಲ. ಜೇನ್ನೊಣ ಬಂದು ಅಷ್ಟಿಷ್ಟು ಬೆರಕೆ ಮಾಡಿದರೂ ಹೆಚ್ಚಿನ ಹೂಗಳು ತಮ್ಮ ಪರಾಗದಿಂದಲೇ ಕಾಯಿ ಕಟ್ಟುತ್ತವೆ. (ಎರೆಹುಳುವೂ ದ್ವಿಲಿಂಗಿಯೇ, ಆದರೆ ಅದಕ್ಕೆ ಸಾಮಾನ್ಯವಾಗಿ ಇನ್ನೊಂದು ಹುಳುವಿನ ಜೊತೆ ಬೇಕೇ ಬೇಕು.)

ಹೂವಿನ ಈ ಗುಣ ರೈತನಿಗೆ ದೊಡ್ಡ ಆಸರೆಯಾಗಿತ್ತು. ಈ ವರ್ಷದ ಬೀಜ ಬಿತ್ತಿದರೆ ಬರುವ ವರ್ಷವೂ ಬಹುಮಟ್ಟಿಗೆ ಅದೇ ಹತ್ತಿ. ಜಯಧರದಂಥ ದೇಸಿ ತಳಿಗಳ ಬೀಜ ಮನೆಯಲ್ಲೇ ಉಳಿಯುತ್ತಿತ್ತು. 1840ರ ದಶಕದಲ್ಲಿ ಬ್ರಿಟಿಷರು ಧಾರವಾಡ ಸೀಮೆಗೆ ಅಮೆರಿಕದ ಹತ್ತಿ ತಂದು ಹಬ್ಬಿಸಿದರು. ದೇಸಿ ಹತ್ತಿಯಲ್ಲಿ 26 ವರ್ಣತಂತುಗಳು, ಅಮೆರಿಕದ್ದರಲ್ಲಿ 52. ಹೊಲದಲ್ಲಿ ಅವೆರಡೂ ಸುಲಭಕ್ಕೆ ಕೂಡುವುದಿಲ್ಲ. ಮನುಷ್ಯರು ಮಾತ್ರ ಅರಳೆಯಲ್ಲಿ ಅವನ್ನು ಧಾರಾಳವಾಗಿ ಬೆರೆಸಿದರು! ಬಾಂಬೆ ಸರ್ಕಾರ ಹತ್ತಿಯ ಕಲಬೆರಕೆ ತಡೆಯಲೆಂದೇ 1863ರಲ್ಲಿ ಕಾಯ್ದೆ ತರಬೇಕಾಯಿತು.

ಹೂವಿನೊಳಗಿನ ಸಂಸಾರಕ್ಕೇ ಕೈಹಾಕಿದ್ದು ಮುಂದಿನ ಶತಮಾನದಲ್ಲಿ. ಧಾರವಾಡದ ತಳಿವಿಜ್ಞಾನಿ ಬಿ.ಎಚ್. ಕಟರಕಿ ಅವರು ಅಮೆರಿಕದ ಕುಲಕ್ಕೆ ಸೇರಿದ 'ಲಕ್ಷ್ಮಿ'ಯನ್ನು ಉದ್ದ ಎಳೆಯ ಬಾರ್ಬಡೆನ್ಸ್ ಹತ್ತಿಯೊಂದಿಗೆ ಕೂಡಿಸಿ 1972ರಲ್ಲಿ 'ವರಲಕ್ಷ್ಮಿ'ಯನ್ನು ಕೊಟ್ಟರು. ಎರಡರಲ್ಲೂ 52 ವರ್ಣತಂತುಗಳಿದ್ದುದರಿಂದ ಕೂಡಿಕೆ ಸಾಧ್ಯವಾಯಿತು. ಆದರೆ ದ್ವಿಲಿಂಗಿ ಹೂವು ತಾನಾಗಿ ಪರರ ಪರಾಗಕ್ಕೆ ಕಾಯುವುದಿಲ್ಲವಲ್ಲ. ಹಾಗಾಗಿ ನಾಳೆ ಅರಳಲಿರುವ ಮೊಗ್ಗನ್ನು ಇಂದು ಸಂಜೆಯೇ ಹಿಡಿದು, ಹೆಬ್ಬೆರಳಿನ ಉಗುರಿನಿಂದ ಸೀಳಿ, ದಳದ ಜೊತೆಗೆ ಕೇಸರದ ಕೊಳವೆಯನ್ನೂ ಕಿತ್ತು ತೆಗೆಯಬೇಕು. ಒಳಗಿನ ಶಲಾಕೆಗೆ, ಕೆಳಗಿನ ಎಳೆಗಾಯಿಗೆ ಉಗುರು ತಾಗಬಾರದು. ಗುರುತಿಗೆ ಬಣ್ಣದ ಕಾಗದದ ಚೀಲ ತೊಡಿಸಬೇಕು. ಮರುದಿನ ಬೆಳಗ್ಗೆ ಇನ್ನೊಂದು ತಳಿಯ ಹೂ ತಂದು ಪರಾಗ ಸವರಬೇಕು. ಇದು ಒಂದು ಹೂವಿನ ಕೆಲಸ. ಎಕರೆಗೆ ಇಂಥವು ಸಾವಿರ ಸಾವಿರ. ಬೀಜೋತ್ಪಾದನೆಯ ಹೊಲಗಳಲ್ಲಿ ಇದಕ್ಕೆ 'ಕ್ರಾಸಿಂಗ್' ಎಂದೇ ಹೆಸರು. ಮಾಡುವವರು ಹೆಚ್ಚಾಗಿ ಹೆಂಗಸರು, ಎಷ್ಟೋ ಕಡೆ ಶಾಲೆ ಬಿಟ್ಟ ಹುಡುಗಿಯರು. ತಳಿಯ ದಾಖಲೆಯಲ್ಲಿ ತಾಯಿ ತಳಿ, ತಂದೆ ತಳಿಯ ಹೆಸರಿರುತ್ತದೆ. ಇವರ ಹೆಸರನ್ನು ನಾನು ಎಲ್ಲೂ ಕಂಡಿಲ್ಲ.

ಅದೇ ಹೊತ್ತಿಗೆ ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಎದ್ದಿತು. ಕಾಲುವೆ ನೀರಿನ ಹೊಲಗಳಿಗೆ ವರಲಕ್ಷ್ಮಿ ಬಂದಳು. ಮೊದಮೊದಲು ಒಳ್ಳೆಯ ಬೆಲೆ. ಆದರೆ ಮಿಶ್ರ ತಳಿಯ ಬೀಜವನ್ನು ಕಾಪಿಟ್ಟು ಬಿತ್ತಿದರೆ ಮುಂದಿನ ಪೀಳಿಗೆಯಲ್ಲಿ ಗುಣಗಳು ಚದುರಿಹೋಗುತ್ತವೆ. ಹಾಗಾಗಿ ವರ್ಷವರ್ಷವೂ ಬೀಜ ಕೊಳ್ಳಬೇಕು, ಗೊಬ್ಬರ, ಔಷಧಿ ಕೊಳ್ಳಬೇಕು. ಎಪ್ಪತ್ತರ ದಶಕದ ಕೊನೆಗೆ ಬೆಲೆ ಕುಸಿಯಿತು. ಮೇಲಿಂದ ನೀರಾವರಿ ಜಮೀನಿನ ಮೇಲೆ ಬೆಟರ್‌ಮೆಂಟ್ ಲೆವಿ. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗೋಲಿಬಾರ್ ಆಗಿ ಜೀವಗಳು ಹೋದವು. ಸವದತ್ತಿಯ ರೈತರೂ ಆ ಚಳವಳಿಯಲ್ಲಿದ್ದರು. ಬಂಡಾಯದ ಕಾರಣಗಳನ್ನು ಪಟ್ಟಿ ಮಾಡುವಾಗ ಲೆವಿ, ಬೆಲೆ ಎರಡೂ ಬರುತ್ತವೆ. ಮನೆಯ ಬೀಜ ಕೈತಪ್ಪಿದ್ದೂ ಆ ಪಟ್ಟಿಗೆ ಸೇರಬೇಕೆಂಬುದು ನನ್ನ ವಾದ.

ಮರುವರ್ಷ, 1981ರಲ್ಲಿ, ಧಾರವಾಡದಿಂದಲೇ ಇನ್ನೊಂದು ಮಿಶ್ರ ತಳಿ ಬಂತು: ಡಿಸಿಎಚ್-32, 'ಜಯಲಕ್ಷ್ಮಿ'. ಅದರ ಬೀಜಕ್ಕೂ ಸಂಜೆ ಮೊಗ್ಗು ಸೀಳುವ ಉಗುರುಗಳೇ ಬೇಕಾದವು.