ವಾಕ್‌ಶ್ರವಣಜ್ಞರ ಸಮ್ಮೇಳನಗಳು

ನುಡಿಗೆ ಮೂಲವು ಕಿವಿ. ಕೇಳಿಸದ ಶಿಶುವಿಗೆ ನಾಲಗೆಯು ಸರಿಯಾಗಿದ್ದರೂ ಮಾತು ತಾನಾಗಿ ಬರಲಾರದು. ಧ್ವನಿಯ ಉತ್ಪತ್ತಿಯನ್ನು ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿಯೇ ಶಬ್ದಮಣಿದರ್ಪಣದಲ್ಲಿ ನಿರೂಪಿಸಿದನು. ಆದರೆ ಮಾತು ಬಾರದವರಿಗೆ ಮಾತನ್ನು ಕಲಿಸುವ ಶಾಸ್ತ್ರವು ನಮ್ಮ ನಾಡಿನಲ್ಲಿ ವಿದ್ಯಾಪೀಠವಾಗಿ ನೆಲೆಗೊಂಡುದು ಬಹುಕಾಲದ ಅನಂತರ.

1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಸ್ಥಾಪಿತವಾಯಿತು. 1966ರಲ್ಲಿ ರಾಷ್ಟ್ರಪತಿ ಡಾ. ಸರ್ವೇಪಲ್ಲಿ ರಾಧಾಕೃಷ್ಣನ್ ಅವರು ಅದರ ಭವನಕ್ಕೆ ಅಸ್ತಿಭಾರವನ್ನಿಟ್ಟರು. 1967ರಲ್ಲಿ ಈ ವೃತ್ತಿಯವರು ಭಾರತೀಯ ವಾಕ್ ಶ್ರವಣ ಸಂಘವನ್ನು ಕಟ್ಟಿಕೊಂಡರು. ಮುಂದೆ ವಾರ್ಷಿಕ ಸಮ್ಮೇಳನಗಳೂ ಪ್ರಾಂತೀಯ ಸಭೆಗಳೂ ನಡೆದುಬಂದುವು. ಭಾರತೀಯ ಪುನರ್ವಸತಿ ಪರಿಷತ್ತಿನ 1992ರ ಅಧಿನಿಯಮವು ಈ ವೃತ್ತಿಗೆ ಶಾಸನದ ಮನ್ನಣೆಯನ್ನಿತ್ತಿತು. ವೃತ್ತಿಯಲ್ಲಿರುವವರು ಮತ್ತೆ ಮತ್ತೆ ಕಲಿಯುತ್ತಿರಬೇಕೆಂಬ ನಿಯಮದಿಂದ ಸಮ್ಮೇಳನವು ಒಂದು ಪಾಠಶಾಲೆಯೂ ಆಯಿತು.

ನವಜಾತ ಶಿಶುಗಳ ಶ್ರವಣಪರೀಕ್ಷೆ, ತೊದಲು, ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರ ಚಿಕಿತ್ಸೆ, ಶ್ರವಣಯಂತ್ರ ಇವೇ ಮೊದಲಾದುವು ಅಲ್ಲಿನ ಚರ್ಚೆಯ ವಿಷಯಗಳು. ಆ ಚರ್ಚೆಯ ಬೆಲೆ ತಿಳಿಯುವುದು ಊರುಗಳಲ್ಲಿ. ದೊಡ್ಡಬಳ್ಳಾಪುರವು ವಿದ್ಯುನ್ಮಗ್ಗಗಳ ಊರು. ಮಗ್ಗದ ಅಬ್ಬರದಲ್ಲಿ ವರ್ಷಗಟ್ಟಲೆ ದುಡಿಯುವವರ ಒಳಗಿವಿಯ ಸೂಕ್ಷ್ಮ ರೋಮಕೋಶಗಳು ನಾಶವಾಗಬಹುದು. ನಾಶವಾದುವು ಪುನಃ ಹುಟ್ಟುವುದಿಲ್ಲ. ಕಿವಿಗೆ ರಕ್ಷೆ, ಕಾಲಕಾಲಕ್ಕೆ ಪರೀಕ್ಷೆ, ಇವೇ ಉಪಾಯ. ಕೂಸಿನ ವಿಷಯದಲ್ಲಿಯೂ ಹಾಗೆಯೇ: ದೋಷವನ್ನು ಮೊದಲ ತಿಂಗಳುಗಳಲ್ಲಿಯೇ ಕಂಡುಹಿಡಿದರೆ ನುಡಿ ಉಳಿದೀತು, “ದೊಡ್ಡದಾದ ಮೇಲೆ ಮಾತು ಬರುತ್ತದೆ” ಎಂದು ಕಾಯುತ್ತ ಕುಳಿತರೆ ಕಲಿಕೆಯ ಕಾಲವೇ ಮೀರುವುದು.

ಇನ್ನೊಂದು ಮಾತು. ಕನ್ನಡದ ಮಗುವನ್ನು ಪರೀಕ್ಷಿಸಲು ಕನ್ನಡದ ಪದಗಳೇ ಬೇಕು. ಮೈಸೂರಿನ ವಿದ್ವಾಂಸರು ಅಂತಹ ಕನ್ನಡ ಪರೀಕ್ಷೆಗಳನ್ನು ರಚಿಸಿರುವುದು ಸ್ತುತ್ಯವಾದುದು. ವಿದ್ವತ್ಸಭೆಯಲ್ಲಿ ಆಡಿದ ಮಾತು ಹಳ್ಳಿಯ ತಾಯಿಯ ಕಿವಿಗೆ ಅವಳ ನುಡಿಯಲ್ಲಿಯೇ ಮುಟ್ಟಿದಾಗ ಸಭೆಯು ಸಾರ್ಥಕವಾಗುವುದು.