ಕೊಯ್ಯದೆ ಒಳಹೊಕ್ಕ ನಾದ

ಕಮಲಾಪುರದಿಂದ ತಳವಾರಘಟ್ಟದ ಹಾದಿ ಹಿಡಿದು ವಿಜಯವಿಠ್ಠಲನ ಗುಡಿಗೆ ಹೋದವರಿಗೆ, ಅಲ್ಲಿನ ನಾದದ ಕಂಬಗಳ ಕಥೆಯನ್ನು ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಬೆರಳಿನಿಂದ ತಟ್ಟಿದರೆ ಕಲ್ಲು ನುಡಿಯುವುದೇಕೆ, ಒಳಗೆ ಏನನ್ನು ಅಡಗಿಸಿಟ್ಟಿರಬಹುದು ಎಂದು ಇಂಗ್ಲಿಷರು ಕಂಬವನ್ನು ಕೊಯ್ಸಿ ನೋಡಿದರಂತೆ. ಒಳಗೆ ಬರಿಯ ಕಲ್ಲಂತೆ! ಕಥೆ ನಡೆದದ್ದೋ ಕಟ್ಟಿದ್ದೋ, ಅದರ ನೀತಿಯನ್ನು ಮಾತ್ರ ಅಲ್ಲಗಳೆಯುವಂತಿಲ್ಲ. ಕೊಯ್ದವರ ಕೈಗೆ ಕಲ್ಲು ಸಿಕ್ಕಿತು, ನಾದ ಸಿಕ್ಕಲಿಲ್ಲ.

ಅದೇ ಪ್ರಶ್ನೆಯನ್ನು ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣು ಸಂಶೋಧನ ಕೇಂದ್ರದ ವಿಜ್ಞಾನಿಗಳು ಬೇರೆ ಬಗೆಯಲ್ಲಿ ಕೇಳಿದರು. ಮಹಾಮಂಟಪದ 11 ಕಂಬಗಳನ್ನು ಆರಿಸಿ, ಅವುಗಳಿಗೆ ಪೆಟ್ಟಾಗದಂತೆ ಶ್ರವಣಾತೀತ ಧ್ವನಿಯೇ ಮೊದಲಾದ ಉಪಾಯಗಳಿಂದ ಪರೀಕ್ಷಿಸಿ, 2008ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕಂಬಗಳು ಟೊಳ್ಳಲ್ಲ, ಗಟ್ಟಿ ಕಲ್ಲು. ತಟ್ಟಿದಾಗ ಅವು ಕಣ್ಣಿಗೆ ಕಾಣದಷ್ಟು ಬಳುಕಿ ಕಂಪಿಸುವುದರಿಂದಲೇ ನಾದ ಹುಟ್ಟುತ್ತದೆ. ಒಂದು ಚಕ್ಕೆಯೂ ಏಳದೆ ಉತ್ತರ ದೊರೆಯಿತು.

ಕಲ್ಲಿಗೆ ಸಲ್ಲುವ ಈ ಮಾತು ದೇಹಕ್ಕೂ ಸಲ್ಲುತ್ತದೆ. ಸೆಕೆಂಡಿಗೆ ಸುಮಾರು 20,000 ಕಂಪನಗಳನ್ನು ಮೀರಿದ ಧ್ವನಿ ಮನುಷ್ಯನ ಕಿವಿಗೆ ಕೇಳದು. ಕೆಲವು ಹರಳುಗಳನ್ನು ಅದುಮಿದರೆ ವಿದ್ಯುತ್ತು ಹುಟ್ಟುವುದೆಂದು ಕ್ಯೂರಿ ಸೋದರರು 1880ರಲ್ಲಿ ಕಂಡರು. ಅಂಥ ಹರಳಿಗೆ ವಿದ್ಯುತ್ತನ್ನು ಹರಿಸಿ ಕಂಪಿಸುವಂತೆ ಮಾಡಿ, ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಲಾಂಜವಾ ಎಂಬ ಫ್ರೆಂಚ್ ವಿಜ್ಞಾನಿ ಜಲಾಂತರ್ಗಾಮಿಗಳನ್ನು ಹುಡುಕುವ ದಾರಿ ತೋರಿದನು.

ಈ ಚರಿತ್ರೆಯಲ್ಲಿ ನಮ್ಮ ನಾಡಿಗೂ ಪಾಲುಂಟು. ಶ್ರವಣಾತೀತ ಅಲೆ ಹಾಯುತ್ತಿರುವ ದ್ರವದ ಮೂಲಕ ಬೆಳಕು ಹೋದರೆ ಅದು ಕವಲೊಡೆಯುವುದೇಕೆಂಬುದನ್ನು ಬೆಂಗಳೂರಿನಲ್ಲಿ ಸಿ. ವಿ. ರಾಮನ್ನರೂ ಎನ್. ಎಸ್. ನಾಗೇಂದ್ರನಾಥರೂ 1935-36ರಲ್ಲಿ ಗಣಿತದಿಂದ ವಿವರಿಸಿದರು. ಅವರ ಲಕ್ಷ್ಯ ವೈದ್ಯವಲ್ಲ. ಆದರೂ ಕೇಳದ ಧ್ವನಿಯನ್ನು ಬೆಳಕಿನಿಂದ ಅರಿಯುವ ಶಾಸ್ತ್ರಕ್ಕೆ ಅದು ಬುನಾದಿಯಾಯಿತು.

ಗರ್ಭಿಣಿಯರ ಸ್ಕ್ಯಾನಿಂಗಿನಿಂದ ಈ ಧ್ವನಿ ಇಂದು ಮನೆಮನೆಗೂ ಪರಿಚಿತ. ಆದರೆ ನೋಡುವ ಧ್ವನಿ ಸುಡಲೂ ಬಲ್ಲದು. ಭೂತಗನ್ನಡಿಯಿಂದ ಬಿಸಿಲನ್ನು ಒಂದೆಡೆ ಕೂಡಿಸಿ ಕಾಗದ ಸುಡುವ ಆಟವನ್ನು ಬಾಲ್ಯದಲ್ಲಿ ಆಡದವರಾರು? ಹಾಗೆಯೇ ಹಲವು ಕಡೆಯಿಂದ ಬಂದ ಅಲೆಗಳು ಚರ್ಮಕ್ಕೆ ನೋವಾಗದಂತೆ ಹಾದು, ಒಳಗಿನ ಒಂದೇ ಬಿಂದುವಿನಲ್ಲಿ ಕೂಡಿ, ಅಲ್ಲಿನ ರೋಗದ ಭಾಗವನ್ನು ಮಾತ್ರ ಬೇಯಿಸುತ್ತವೆ. ಇಲಿನಾಯ್ ವಿಶ್ವವಿದ್ಯಾಲಯದ ಫ್ರೈ ಸೋದರರು 1950ರ ದಶಕದಲ್ಲಿ ಇದನ್ನು ಮಿದುಳಿಗೆ ಪ್ರಯೋಗಿಸಿದಾಗ, ತಲೆಬುರುಡೆ ಅಡ್ಡ ಬಂದುದರಿಂದ ಅದರ ತುಂಡೊಂದನ್ನು ತೆಗೆಯಬೇಕಾಯಿತು. ಕೊಯ್ಯದ ಚಿಕಿತ್ಸೆಗೂ ಮೊದಲು ಕೊಯ್ಯಬೇಕಾದ ವಿಪರ್ಯಾಸ! ಬುರುಡೆಯನ್ನು ತೆರೆಯದೆ ಕೈನಡುಕಕ್ಕೆ ಮಾಡುವ ಇಂಥ ಚಿಕಿತ್ಸೆಗೆ ಅಮೆರಿಕದಲ್ಲಿ ಅನುಮತಿ ದೊರೆತುದು 2016ರಲ್ಲಿ. ಅದರಲ್ಲಿ ಸಾವಿರಕ್ಕೂ ಮಿಕ್ಕ ಧ್ವನಿಮೂಲಗಳನ್ನು ಕಂಪ್ಯೂಟರು ಹೊಂದಿಸುತ್ತದೆ, ವೈದ್ಯರು ಎಂ.ಆರ್.ಐ. ಚಿತ್ರದಲ್ಲಿ ಕಾವನ್ನು ಅಳೆಯುತ್ತಿರುತ್ತಾರೆ. ಪ್ರಾಸ್ಟೇಟ್ ಗ್ರಂಥಿಯ ಚಿಕಿತ್ಸೆಯಲ್ಲಂತೂ ಧ್ವನಿಯ ಉಪಕರಣವನ್ನು ಕೂದಲೆಳೆಯಷ್ಟೂ ತಪ್ಪದಂತೆ ಸರಿಸುವ ಕೆಲಸಕ್ಕೆ ರೋಬೋಟ್ ಬಂದಿದೆ. ಗುರಿ ಯಾವುದೆಂದು ನಿಶ್ಚಯಿಸುವ ಹೊಣೆ ವೈದ್ಯನದೇ.

ಇದು ಸರ್ವರೋಗಕ್ಕೂ ಮದ್ದೆಂದು ಭ್ರಮಿಸಲಾಗದು. ಗಾಳಿ ತುಂಬಿದ ಶ್ವಾಸಕೋಶವನ್ನು ಈ ಧ್ವನಿ ದಾಟಲಾರದು. ಎಲುಬು ಅದನ್ನು ಹೀರಿ ಚದರಿಸುತ್ತದೆ. ಗಾಯ ಕಾಣದಿದ್ದ ಮಾತ್ರಕ್ಕೆ ಅಪಾಯವಿಲ್ಲವೆಂದಲ್ಲ: ಗುರಿ ತಪ್ಪಿ ಬೆಂದ ನರ, ಕೊಯ್ದ ಕಂಬದಂತೆಯೇ, ಮತ್ತೆ ಮೊದಲಿನಂತಾಗದು. ಶಸ್ತ್ರವೈದ್ಯನ ಕತ್ತಿಗೆ ಬೇಕಾದ ಸಂಯಮವೇ ಈ ಕಾಣದ ಕತ್ತಿಗೂ ಬೇಕು.

ವಿಠ್ಠಲನ ಗುಡಿಯ ಆ ಕಂಬಗಳನ್ನು ಈಗ ತಟ್ಟುವಂತಿಲ್ಲ. ಸಾವಿರಾರು ಬೆರಳುಗಳ ಕುತೂಹಲವೂ ಕಲ್ಲನ್ನು ಸವೆಸುತ್ತದೆ ಎಂಬುದನ್ನು ನಾವು ತಡವಾಗಿ ಕಲಿತೆವು. ಕಲ್ಲಿಗೆ ತೋರುವ ಈ ಮರ್ಯಾದೆ ರೋಗಿಯ ಮೈಗೂ ಸಲ್ಲಬೇಕಷ್ಟೆ.