ಸವಾರಿ ಬಂಡಿ: ಹಳೆಯದನ್ನು ಕೊಂಡು ದುರಸ್ತಿ ಮಾಡಿಸುವ ಮುನ್ನ

ಎರಡು ಗಾಲಿ, ಕಮಾನಿನ ಮುಚ್ಚಿಗೆಯುಳ್ಳ ಪ್ರಯಾಣದ ಎತ್ತಿನ ಬಂಡಿಯೇ ಸವಾರಿ ಬಂಡಿ. ಇದು ಸರಕಿನ ಬಂಡಿಗಿಂತ ಚಿಕ್ಕದು, ಹಗುರವಾದುದು. ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದಲ್ಲಿ ನವದಂಪತಿಗಳು ಊರಿಂದೂರಿಗೆ ಹೋಗುತ್ತಿದ್ದುದು ಇದರಲ್ಲೇ. ಗುರುಗುಂಟಾದ ಅಮರೇಶ್ವರ, ಸೋಮಲಾಪುರದ ಅಂಬಾಮಠದಂತಹ ಜಾತ್ರೆಗಳ ಈ ಸೀಮೆಯಲ್ಲಿ ದೂರದಿಂದ ಬಂದವರಿಗೆ ರಾತ್ರಿ ತಂಗುವ ನೆರಳೂ ಅದೇ ಆಗಿತ್ತು. ಬಸ್ಸು, ಟ್ರ್ಯಾಕ್ಟರ್‌ಗಳು ಬಂದ ಮೇಲೆ ಇಂತಹ ಬಂಡಿಗಳು ಕೊಟ್ಟಿಗೆಯ ಮೂಲೆ ಸೇರಿದವು.

ಹಳೆಯ ಬಂಡಿ ಕೊಳ್ಳುವವರು ಬಣ್ಣಕ್ಕಿಂತ ಮೊದಲು ಗಾಲಿಯನ್ನು ಪರೀಕ್ಷಿಸಬೇಕು. ನಡುವಿನ ಗುಂಬ ಸೀಳಿದ್ದರೆ ಗಾಲಿಯನ್ನೇ ಹೊಸದಾಗಿ ಮಾಡಿಸಬೇಕಾಗುತ್ತದೆ. ಒಣಗಿ ಸಡಿಲಗೊಂಡ ಅರೆಕಾಲುಗಳನ್ನು ಬಿಗಿಗೊಳಿಸಬಹುದು. ಮೂಕಿ, ನೊಗಗಳಿಗೆ ಗೆದ್ದಲು ಹಿಡಿದಿದೆಯೇ ಎಂದೂ ನೋಡಬೇಕು. ಕಬ್ಬಿಣದ ಪಟ್ಟಿಯನ್ನು ಬೆಂಕಿಯಲ್ಲಿ ಕಾಯಿಸಿ ತೊಡಿಸಿ ನೀರು ಹೊಯ್ದಾಗ ಅದು ಕುಗ್ಗಿ ಗಾಲಿಯನ್ನು ಭದ್ರವಾಗಿ ಹಿಡಿಯುತ್ತದೆ. ಇದಕ್ಕೆ ಬಡಿಗ, ಕಮ್ಮಾರ ಇಬ್ಬರೂ ಬೇಕು. ಈ ಕೆಲಸ ಬಲ್ಲವರು ಈಗ ವಿರಳ. ಆದ್ದರಿಂದ ಅವರನ್ನು ಗೊತ್ತುಮಾಡಿಕೊಂಡ ಬಳಿಕವೇ ಬಂಡಿಗೆ ಮುಂಗಡ ಕೊಡುವುದು ಲೇಸು.

ಎತ್ತುಗಳ ಹಿತವೂ ಮುಖ್ಯ. ಎಳೆಯುವ ಹಾಗೂ ಹೊರೆ ಹೊರುವ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ 1965ರ ನಿಯಮಗಳ ಪ್ರಕಾರ ಅವುಗಳನ್ನು ದಿನಕ್ಕೆ 9 ತಾಸಿಗಿಂತ ಹೆಚ್ಚು, ವಿರಾಮವಿಲ್ಲದೆ 5 ತಾಸಿಗಿಂತ ಹೆಚ್ಚು ದುಡಿಸುವಂತಿಲ್ಲ. ಉಷ್ಣಾಂಶ 37 ಡಿಗ್ರಿ ಸೆಲ್ಸಿಯಸ್ ಮೀರುವಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಹೂಡುವಂತೆಯೇ ಇಲ್ಲ. ರಾಯಚೂರು ಜಿಲ್ಲೆಯ ಬೇಸಿಗೆಯಲ್ಲಿ ಈ ಮಿತಿ ದಾಟುವುದು ಸಾಮಾನ್ಯ. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಅಶೋಕನ ಶಾಸನವನ್ನು ನೋಡಲು ಬಂಡಿಯಲ್ಲಿ ಹೊರಡುವ ದಂಪತಿಗಳು ನಸುಕಿನಲ್ಲೇ ಹೊರಡುವುದು ಒಳಿತು.